ಆಟಕ್ಕುಂಟು, ಲೆಕ್ಕಕ್ಕಿಲ್ಲ: ಎಲಿಷಾ ಕುಕ್ ಜೂನಿಯರ್ ಪ್ರಕರಣ

ಹೋಟೆಲ್ಲಿನ ಕಾರಿಡಾರು. ಇಬ್ಬರು ನಡೆದು ಹೋಗುತ್ತಿದ್ದಾರೆ. ಒಬ್ಬ ಖಾಸಗಿ ಪತ್ತೇದಾರ ಸ್ಯಾಮ್ ಸ್ಪೇಡ್, ಅಂದರೆ ಹಂಫ್ರಿ ಬೋಗಾರ್ಟ್. ಇನ್ನೊಬ್ಬ ಕುಳ್ಳ. ಮೈಗಿಂತ ದೊಡ್ಡದಾದ ಓವರ್‌ಕೋಟು, ಎರಡೂ ಕೈ ಕೋಟಿನ ಜೇಬಿನಲ್ಲಿ, ಜೇಬಿನಲ್ಲಿ ಎರಡು ಪಿಸ್ತೂಲು. ಸ್ಪೇಡ್ ಬೇಕಂತಲೇ ಒಂದು ಹೆಜ್ಜೆ ಹಿಂದೆ ಉಳಿಯುತ್ತಾನೆ. ತಟ್ಟನೆ ಹಿಂದಿನಿಂದ ಆ ಕೋಟು ಹಿಡಿದು ಭುಜದಿಂದ ಕೆಳಕ್ಕೆ ಎಳೆಯುತ್ತಾನೆ. ಕುಳ್ಳನ ಕೈಗಳು ಅವನದೇ ಕೋಟಿನೊಳಗೆ ಕಟ್ಟಿಹಾಕಿದಂತೆ ಸಿಕ್ಕಿಕೊಳ್ಳುತ್ತವೆ. ಎರಡೂ ಪಿಸ್ತೂಲು ಸ್ಪೇಡ್ ಕೈಗೆ ಬರುತ್ತವೆ. ಆಮೇಲೆ ಬಾಗಿಲು ತೆಗೆದ ಗ್ಯಾಂಗಿನ ಯಜಮಾನನಿಗೆ ಅವನ್ನು ಒಪ್ಪಿಸಿ, ಪೇಪರ್ ಮಾರುವ ಕುಂಟ ಹುಡುಗನೊಬ್ಬ ಇವನಿಂದ ಕಿತ್ತುಕೊಂಡಿದ್ದ, ನಾನೇ ವಾಪಸ್ ಕೊಡಿಸಿದೆ ಅನ್ನುತ್ತಾನೆ. ಯಜಮಾನ ನಗುತ್ತಾನೆ.

ನಾನು ಈ ದೃಶ್ಯವನ್ನು ಎಷ್ಟು ಸಲ ಹಿಂದೆ ಎಳೆದು ನೋಡಿದ್ದೇನೋ ಲೆಕ್ಕವಿಲ್ಲ. ಮೊದಲ ಸಲ ಎಲ್ಲರ ಹಾಗೆ ಬೋಗಾರ್ಟ್‌ನನ್ನೇ ನೋಡಿದೆ. ಎರಡನೇ ಸಲ ಕಣ್ಣು ತಾನಾಗಿ ಆ ಕುಳ್ಳನ ಕಡೆ ಹೋಯಿತು. ಯಜಮಾನ ನಗುವಾಗ ಅವನು ಏನೂ ಮಾಡುವುದಿಲ್ಲ. ಸುಮ್ನೆ ನಿಂತಿರುತ್ತಾನೆ. ಆದರೆ ಆ ನಿಂತಿರುವುದರಲ್ಲೇ, ತುಂಬಿದ ಮನೆಯಲ್ಲಿ ಎಲ್ಲರೆದುರು ಬೈಸಿಕೊಂಡ ಹುಡುಗನ ಅವಮಾನ ಪೂರ್ತಿ ಕಾಣುತ್ತದೆ.

ಚಿತ್ರ 'ದ ಮಾಲ್ಟೀಸ್ ಫಾಲ್ಕನ್', ವರ್ಷ 1941. ಪಾತ್ರದ ಹೆಸರು ವಿಲ್ಮರ್. ನಟ ಎಲಿಷಾ ಕುಕ್ ಜೂನಿಯರ್. ಸಿನಿಮಾದಲ್ಲಿ ಎಲ್ಲರೂ ಅವನನ್ನು ಹುಡುಗ, ಹುಡುಗ ಅಂತಲೇ ಕರೆಯುತ್ತಾರೆ. ಚಿತ್ರೀಕರಣದ ಹೊತ್ತಿಗೆ ಕುಕ್‌ಗೆ ಮೂವತ್ತೇಳು ವರ್ಷ!

ಈ ಬರಹಕ್ಕೆ ನಾನು ಹಿಡಿದಿರುವ ಪ್ರಶ್ನೆ ಒಂದೇ. ಗ್ಯಾಂಗ್‌ಸ್ಟರ್ ಚಿತ್ರದಲ್ಲಿ ಎಲ್ಲರಿಗಿಂತ ದುರ್ಬಲನಾದವನ ಪಾತ್ರ ಮಾಡಿ, ಬಹುಪಾಲು ಚಿತ್ರಗಳಲ್ಲಿ ಸತ್ತು ಅಥವಾ ಸೋತು ಹೋಗುವ ಒಬ್ಬ ಮನುಷ್ಯ, 1930ರಿಂದ 1988ರವರೆಗೆ, ಅಂದರೆ ಐವತ್ತೆಂಟು ವರ್ಷ, ಕ್ಯಾಮೆರಾ ಮುಂದೆ ಹೇಗೆ ಉಳಿದ? ಹಾಲಿವುಡ್ ಅಂದರೆ ಸ್ಟಾರ್‌ಗಳೇ ಹತ್ತು ಹದಿನೈದು ವರ್ಷಕ್ಕೆ ಮಂಕಾಗಿಬಿಡುವ ಊರು. ಇವನಿಗೆ ನಾಯಕನ ಮುಖವಿರಲಿಲ್ಲ, ಖಳನಾಯಕನ ಮೈಕಟ್ಟೂ ಇರಲಿಲ್ಲ. ನಮ್ಮಲ್ಲಿ ಮಕ್ಕಳ ಆಟದಲ್ಲಿ ಚಿಕ್ಕವನನ್ನು ಸೇರಿಸಿಕೊಳ್ಳುವಾಗ ಹೇಳುತ್ತೇವಲ್ಲ, ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ. ಕುಕ್ ಮಾಡಿದ ಹೆಚ್ಚಿನ ಪಾತ್ರಗಳು ಅದೇ ಜಾತಿಯವು. ಆದರೆ ಅವನು ಅವುಗಳಲ್ಲಿ ತೋರಿಸಿದ್ದು ಬೇರೆ. ನನ್ನನ್ನೂ ಲೆಕ್ಕಕ್ಕೆ ತಗೊಳ್ಳಿ ಅನ್ನುವ ಹಸಿವು. ಅವನ ವೃತ್ತಿಯ ಗುಟ್ಟು ಅಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ಹುಡುಗನಾಗಿಯೇ ಉಳಿದವನು

ಹುಟ್ಟಿದ್ದು 1903ರ ಡಿಸೆಂಬರ್ 26, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. 'ಮಾಲ್ಟೀಸ್ ಫಾಲ್ಕನ್' ಕಥೆ ನಡೆಯುವುದೂ ಅದೇ ಊರಿನಲ್ಲಿ. ಬೆಳೆದಿದ್ದು ಶಿಕಾಗೋದಲ್ಲಿ. ಹದಿನಾಲ್ಕರ ಸುಮಾರಿಗೇ ರಂಗಭೂಮಿಗೆ ಬಂದ. ಹಾಡು, ಹಾಸ್ಯ, ಕಸರತ್ತು ಎಲ್ಲ ಒಂದೇ ಟಿಕೆಟ್ಟಿಗೆ ಸಿಗುತ್ತಿದ್ದ ವಾಡೆವಿಲ್ ಪ್ರದರ್ಶನಗಳಲ್ಲಿ ಪಳಗಿದ.

1933ರಲ್ಲಿ ದೊಡ್ಡ ಅವಕಾಶ ಬಂತು. ಯೂಜಿನ್ ಓನೀಲ್ ಬರೆದ 'ಆಹ್, ವೈಲ್ಡರ್ನೆಸ್!' ನಾಟಕ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಗಳಿಗೆ ಬಂದಾಗ ಮನೆಯ ಹದಿಹರೆಯದ ಮಗ ರಿಚರ್ಡ್ ಪಾತ್ರ ಕುಕ್‌ಗೆ ಸಿಕ್ಕಿತು. ಅಪ್ಪನ ಪಾತ್ರದಲ್ಲಿದ್ದವನು ಜಾರ್ಜ್ ಎಂ. ಕೋಹನ್, ಆ ಕಾಲದ ಬ್ರಾಡ್‌ವೇಯ ದೊಡ್ಡ ಹೆಸರು. ಹದಿನೇಳು ತುಂಬದ ಹುಡುಗನನ್ನು ಮಾಡುತ್ತಿದ್ದ ಕುಕ್ ಆಗ ಮೂವತ್ತರ ಹೊಸ್ತಿಲಲ್ಲಿದ್ದ. ವಯಸ್ಸಿಗಿಂತ ಚಿಕ್ಕದಾಗಿ ಕಾಣುವ ಆ ಮುಖ, ಅಗಲ ಕಣ್ಣು, ಸಣ್ಣ ಮೈ. ಇವೇ ಮುಂದೆ ಅವನ ಬಂಡವಾಳವಾದವು.

ಮೊದಲ ಚಿತ್ರ 1930ರದ್ದು, 'ಹರ್ ಅನ್‌ಬಾರ್ನ್ ಚೈಲ್ಡ್'. ಆದರೆ ಹಾಲಿವುಡ್ಡಿಗೆ ಬಂದು ನೆಲೆ ನಿಂತಿದ್ದು 1936ರಲ್ಲಿ. ಮೊದಮೊದಲು ಕಾಲೇಜು ಹುಡುಗರ ಪಾತ್ರಗಳು. ಜೂಡಿ ಗಾರ್ಲೆಂಡ್‌ಗೆ ಮೊದಲ ಪೂರ್ಣ ಪ್ರಮಾಣದ ಚಿತ್ರವಾಗಿದ್ದ 'ಪಿಗ್‌ಸ್ಕಿನ್ ಪರೇಡ್'ನಲ್ಲೂ ಇವನಿದ್ದಾನೆ. ಅವುಗಳ ಬಗ್ಗೆ ಜಾಸ್ತಿ ಹೇಳಲು ಏನಿಲ್ಲ.

ಅವನು ಬಂದ ಸಮಯ ಮುಖ್ಯ. 1931ರಲ್ಲಿ 'ಲಿಟಲ್ ಸೀಸರ್', 'ದ ಪಬ್ಲಿಕ್ ಎನಿಮಿ', 1932ರಲ್ಲಿ 'ಸ್ಕಾರ್‌ಫೇಸ್' ಬಂದು ಗ್ಯಾಂಗ್‌ಸ್ಟರ್‌ಗಳು ತೆರೆಯ ರಾಜರಾಗಿದ್ದರು. ಎಡ್ವರ್ಡ್ ಜಿ. ರಾಬಿನ್ಸನ್, ಜೇಮ್ಸ್ ಕ್ಯಾಗ್ನಿ, ಪಾಲ್ ಮುನಿ. ಇವರು ಪರದೆಗೆ ಬಂದರೆ ಉಳಿದವರು ಕಾಣಿಸುತ್ತಲೇ ಇರಲಿಲ್ಲ. 1934ರಲ್ಲಿ ಸಿನಿಮಾ ನೀತಿಸಂಹಿತೆ ಬಿಗಿಯಾಯಿತು. ರೌಡಿಯನ್ನು ಹೀರೋ ಮಾಡಿ ತೋರಿಸುವುದು ಕಷ್ಟವಾಯಿತು. ಕ್ಯಾಗ್ನಿ, ರಾಬಿನ್ಸನ್ ಪೊಲೀಸರ ಕಡೆಯ ಪಾತ್ರಗಳನ್ನೂ ಮಾಡತೊಡಗಿದರು. ಮುಂದೆ 1940ರ ಹೊತ್ತಿಗೆ ಅಪರಾಧದ ಕಥೆಯ ಬಣ್ಣವೇ ಬದಲಾಯಿತು. ಕತ್ತಲು ಹೆಚ್ಚಿತು. ಊರನ್ನೇ ಆಳುವ ರೌಡಿಯ ಜಾಗಕ್ಕೆ ಸಿಕ್ಕಿಬಿದ್ದ ಮನುಷ್ಯ ಬಂದ. ಹೆದರಿದವನು, ಮೋಸಹೋದವನು, ತಪ್ಪು ಹೆಣ್ಣನ್ನು ನಂಬಿದವನು. ಕುಕ್‌ನ ಮುಖಕ್ಕೆ ಕೆಲಸ ಸಿಕ್ಕಿದ್ದೇ ಆಗ. ಐದು ವರ್ಷ ಮೊದಲು ಬಂದಿದ್ದರೆ ಇವನು ಗುಂಪಿನಲ್ಲಿ ಗೋವಿಂದ ಆಗಿಬಿಡುತ್ತಿದ್ದನೇನೋ.

1940ರ 'ಸ್ಟ್ರೇಂಜರ್ ಆನ್ ದ ಥರ್ಡ್ ಫ್ಲೋರ್' ಎಂಬ ಆರ್‌ಕೆಓ ಕಂಪನಿಯ ಸಣ್ಣ ಚಿತ್ರವನ್ನು ಮೊದಲ ಫಿಲ್ಮ್ ನ್ವಾರ್, ಅಂದರೆ ಈ ಕತ್ತಲು ತುಂಬಿದ ಅಪರಾಧ ಚಿತ್ರಗಳಲ್ಲಿ ಮೊದಲನೆಯದು, ಅಂತ ಹಲವರು ಹೇಳುತ್ತಾರೆ. ಅದರಲ್ಲಿ ಮಾಡದ ಕೊಲೆಗೆ ಶಿಕ್ಷೆಯಾಗುವ ಟ್ಯಾಕ್ಸಿ ಡ್ರೈವರ್ ಕುಕ್. ಕೋರ್ಟಿನಲ್ಲಿ ನಾನು ಮಾಡಿಲ್ಲ, ನಾನು ಮಾಡಿಲ್ಲ ಅಂತ ಕೂಗುತ್ತಾನೆ. ತೆರೆಯ ಮೇಲೆ ಸ್ವಲ್ಪವೇ ಹೊತ್ತು ಇರುತ್ತಾನೆ. ಆದರೆ ಆ ಕೂಗು ಚಿತ್ರದ ನಾಯಕನ ನಿದ್ದೆ ಕೆಡಿಸುತ್ತದೆ. ಕಥೆ ಮುಂದೆ ಹೋಗುವುದೇ ಆ ಕೂಗಿನ ಮೇಲೆ.

ವಿಲ್ಮರ್

'ಮಾಲ್ಟೀಸ್ ಫಾಲ್ಕನ್' ಜಾನ್ ಹ್ಯೂಸ್ಟನ್ ನಿರ್ದೇಶಿಸಿದ ಮೊದಲ ಚಿತ್ರ. ಜಾರ್ಜ್ ರಾಫ್ಟ್ ಬೇಡ ಅಂದಿದ್ದಕ್ಕೆ ನಾಯಕನ ಪಾತ್ರ ಬೋಗಾರ್ಟ್‌ಗೆ ಬಂತು. ಯಜಮಾನ ಗಟ್ಮನ್ ಆಗಿ ಬಂದ ಸಿಡ್ನಿ ಗ್ರೀನ್‌ಸ್ಟ್ರೀಟ್‌ಗೆ ಅದು ಮೊದಲ ಸಿನಿಮಾ, ವಯಸ್ಸು ಅರವತ್ತು ದಾಟಿತ್ತು. ಪೀಟರ್ ಲೋರೆ, ಮೇರಿ ಆಸ್ಟರ್ ಇದ್ದರು. ಒಂದು ಚೆಂದದ ಕಾಕತಾಳೀಯವೂ ಇದೆ. ಚಿತ್ರಕ್ಕೆ ಮೂಲವಾದ ಡ್ಯಾಶಿಯೆಲ್ ಹ್ಯಾಮೆಟ್‌ನ ಕಾದಂಬರಿಯಲ್ಲೇ ಆ ಹುಡುಗನ ಪೂರ್ತಿ ಹೆಸರು ವಿಲ್ಮರ್ ಕುಕ್.

ಇವನನ್ನು ಸ್ಪೇಡ್ 'ಗನ್ಸೆಲ್' ಅಂತ ಕರೆಯುತ್ತಾನೆ. ಈ ಪದದ ಕಥೆ ಹೇಳಲೇಬೇಕು. ಅದು ಯುರೋಪಿನ ಯಹೂದಿಗಳ ಭಾಷೆಯಾದ ಯಿಡ್ಡಿಷ್‌ನಿಂದ ಬಂದದ್ದು, ಮೂಲದಲ್ಲಿ ಬಾತುಕೋಳಿ ಜಾತಿಯ ಮರಿ ಅಂತ ಅರ್ಥ. ಅಲೆಮಾರಿಗಳ ಬೀದಿ ಮಾತಿನಲ್ಲಿ ದೊಡ್ಡವನೊಬ್ಬ ಇಟ್ಟುಕೊಂಡ ಹುಡುಗ ಅಂತ. ಕಾದಂಬರಿ ಮೊದಲು ಕಂತುಗಳಲ್ಲಿ ಬಂದ 'ಬ್ಲ್ಯಾಕ್ ಮಾಸ್ಕ್' ಪತ್ರಿಕೆಯ ಸಂಪಾದಕ ಬೈಗುಳಗಳನ್ನು ಅಚ್ಚಿಗೆ ಬಿಡುತ್ತಿರಲಿಲ್ಲ. ಆದರೆ ಈ ಪದದಲ್ಲಿ 'ಗನ್' ಕೇಳಿಸುತ್ತದಲ್ಲ, ಪಿಸ್ತೂಲು ಹಿಡಿದವನು ಅಂತಿರಬೇಕು ಅಂದುಕೊಂಡು ಹಾಗೇ ಅಚ್ಚಾಗಲು ಬಿಟ್ಟ. ಸಿನಿಮಾದ ಸೆನ್ಸಾರ್ ದಾಟಿದ್ದೂ ಹಾಗೆಯೇ. ಆಮೇಲೆ ಬಂದ ಎಷ್ಟೋ ಲೇಖಕರು ಆ ಪದವನ್ನು ನಿಜವಾಗಿಯೂ ಬಂದೂಕುಧಾರಿ ಅನ್ನುವ ಅರ್ಥದಲ್ಲೇ ಬಳಸಿದರು. ಈಗ ನಿಘಂಟಿನಲ್ಲಿ ಎರಡೂ ಅರ್ಥ ಇವೆ. ಅಂದರೆ ಸ್ಪೇಡ್ ಬಾಯಲ್ಲಿ ಅದು ಮರ್ಮಕ್ಕೆ ಮುಟ್ಟುವ ಬೈಗುಳ. ಕುಕ್‌ನ ಮುಖ ನೋಡಿದರೆ, ವಿಲ್ಮರ್‌ಗೆ ಅದು ನಾಟಿದ್ದು ಗೊತ್ತಾಗುತ್ತದೆ.

ಕೊನೆಯ ಭಾಗದಲ್ಲಿ ಸ್ಪೇಡ್ ಒಂದು ಸಲಹೆ ಕೊಡುತ್ತಾನೆ. ಪೊಲೀಸರಿಗೆ ಯಾರನ್ನಾದರೂ ಒಪ್ಪಿಸಬೇಕಲ್ಲ, ಈ ಹುಡುಗನನ್ನೇ ಕೊಟ್ಟುಬಿಡೋಣ. ಹರಕೆಯ ಕುರಿ. ಗಟ್ಮನ್ ಮೊದಲು ನಗುತ್ತಾನೆ, ಅವನು ನನಗೆ ಮಗನಿದ್ದ ಹಾಗೆ ಅನ್ನುತ್ತಾನೆ. ವಿಲ್ಮರ್ ಪಿಸ್ತೂಲು ಹಿಡಿದು ಸ್ಪೇಡ್ ಎದುರು ನಿಲ್ಲುತ್ತಾನೆ. ಕ್ಯಾಮೆರಾ ಹತ್ತಿರ ಬರುತ್ತದೆ. ಕಣ್ಣಲ್ಲಿ ನೀರು ತುಂಬಿದೆ. ಕೊಲ್ಲಲು ಬಂದವನು ಅಳುತ್ತಿದ್ದಾನೆ! ಇದು ಆ ಕಾಲದ ಗ್ಯಾಂಗ್‌ಸ್ಟರ್ ಚಿತ್ರಗಳಲ್ಲಿ ಕಾಣಸಿಗದ ಕ್ಷಣ. ಆಮೇಲೆ ಸ್ಪೇಡ್ ಅವನನ್ನು ಹೊಡೆದು ಕೆಡವುತ್ತಾನೆ. ಎಚ್ಚರ ಬಂದಾಗ ವಿಲ್ಮರ್ ಸೋಫಾ ಮೇಲಿದ್ದಾನೆ. ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡುತ್ತಾನೆ. ಯಾರೂ ಏನೂ ಹೇಳುವುದಿಲ್ಲ. ಮಗನಿದ್ದ ಹಾಗೆ ಅಂದವನು ತನ್ನನ್ನು ಮಾರಿಯಾಗಿದೆ ಅನ್ನುವುದು ಅವನಿಗೆ ಆ ಮುಖಗಳಿಂದಲೇ ತಿಳಿಯುತ್ತದೆ, ಮತ್ತು ಅದು ತಿಳಿಯುವುದನ್ನು ನಾವು ಕುಕ್‌ನ ಕಣ್ಣಲ್ಲಿ ನೋಡುತ್ತೇವೆ, ಒಂದೇ ಒಂದು ಮಾತಿಲ್ಲದೆ.

ಇಲ್ಲಿಂದ ಅವನ ದಾರಿ ತೆರೆಯಿತು, ಜೊತೆಗೆ ಇವನಿಗೆ ಇಂಥದ್ದೇ ಪಾತ್ರ ಅನ್ನುವ ಗೆರೆಯೂ ಬಿತ್ತು.

ಎಲ್ಲ ಸ್ಟುಡಿಯೋಗಳಿಗೂ ಬೇಕಾದವನು

1940ರ ದಶಕದ ಅವನ ಚಿತ್ರಗಳ ಪಟ್ಟಿಯಲ್ಲಿ ಕಂಪನಿಗಳ ಹೆಸರು ನೋಡಿ. 'ಮಾಲ್ಟೀಸ್ ಫಾಲ್ಕನ್' ವಾರ್ನರ್ ಬ್ರದರ್ಸ್. ಅದೇ ವರ್ಷದ 'ಐ ವೇಕ್ ಅಪ್ ಸ್ಕ್ರೀಮಿಂಗ್' ಟ್ವೆಂಟಿಯತ್ ಸೆಂಚುರಿ ಫಾಕ್ಸ್. 1944ರ 'ಫ್ಯಾಂಟಮ್ ಲೇಡಿ' ಯೂನಿವರ್ಸಲ್. 1945ರ 'ಡಿಲಿಂಜರ್' ಕಡಿಮೆ ಬಜೆಟ್ಟಿನ ಮೊನೊಗ್ರಾಮ್. 1946ರ 'ದ ಬಿಗ್ ಸ್ಲೀಪ್' ಮತ್ತೆ ವಾರ್ನರ್. 1947ರ 'ಬಾರ್ನ್ ಟು ಕಿಲ್' ಆರ್‌ಕೆಓ. ಒಂದೇ ಅಂಗಡಿಗೆ ಅಂಟಿಕೊಂಡವನಲ್ಲ. ದೊಡ್ಡ ಚಿತ್ರಕ್ಕೂ ಹೋದ, ಚಿಲ್ಲರೆ ಚಿತ್ರಕ್ಕೂ ಹೋದ, ಎರಡರಲ್ಲೂ ಒಂದೇ ಶ್ರದ್ಧೆ. ಮಧ್ಯೆ ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯದಲ್ಲೂ ಸ್ವಲ್ಪ ಕಾಲ ಇದ್ದ.

'ಫ್ಯಾಂಟಮ್ ಲೇಡಿ' ಗ್ಯಾಂಗ್‌ಸ್ಟರ್ ಚಿತ್ರ ಅಲ್ಲ, ಆದರೂ ಬಿಡಲಾಗುವುದಿಲ್ಲ. ನಿರ್ದೇಶಕ ರಾಬರ್ಟ್ ಸಿಯೊಡ್ಮಾಕ್. ಕುಕ್ ಇಲ್ಲಿ ಕ್ಲಿಫ್ ಎಂಬ ಡ್ರಮ್ ವಾದಕ. ಒಂದು ಸಾಕ್ಷ್ಯಕ್ಕಾಗಿ ನಾಯಕಿ ಎಲ್ಲಾ ರೇನ್ಸ್ ವೇಷ ಬದಲಿಸಿ ಅವನನ್ನು ಮರುಳು ಮಾಡಲು ಬರುತ್ತಾಳೆ. ಅವನು ಅವಳನ್ನು ಸಂಗೀತಗಾರರು ರಾತ್ರಿ ಸೇರುವ ಇಕ್ಕಟ್ಟಾದ ಕೋಣೆಗೆ ಕರೆದುಕೊಂಡು ಹೋಗುತ್ತಾನೆ. ಹೊಗೆ, ಬೆವರು, ಜಾಜ್. ಇವನು ಡ್ರಮ್ ಬಾರಿಸಲು ಕೂರುತ್ತಾನೆ. ಅವಳು ನೋಡುತ್ತಾಳೆ, ಇವನ ವೇಗ ಏರುತ್ತದೆ. ಅವಳು ನಗುತ್ತಾಳೆ, ಇನ್ನೂ ಏರುತ್ತದೆ. ಹಲ್ಲು ಕಾಣುವ ಆ ನಗು, ಹಣೆಯ ಬೆವರು, ಗಿರಗಿರ ತಿರುಗುವ ಕೋಲು. ಮಾತಿಲ್ಲದೆ, ಮುಟ್ಟದೆ, ಸೆನ್ಸಾರಿಗೆ ಏನೂ ಸಿಗದ ಹಾಗೆ, ಒಬ್ಬ ಗಂಡಸಿನ ಕಾಮವನ್ನು ಪೂರ್ತಿ ತೋರಿಸಿಬಿಟ್ಟ ದೃಶ್ಯ ಅದು. ಹೆದರುಪುಕ್ಕನ ಪಾತ್ರಕ್ಕೆ ಮಾತ್ರ ಇವನು ಲಾಯಕ್ಕು ಅನ್ನುವವರಿಗೆ ಇದನ್ನು ತೋರಿಸಬೇಕು. ಸ್ವಲ್ಪ ಹೊತ್ತಿಗೆ ಕ್ಲಿಫ್‌ನ ಕತ್ತು ಹಿಸುಕಿ ಕೊಲ್ಲುತ್ತಾರೆ, ಅದು ಬೇರೆ ಮಾತು.

'ಡಿಲಿಂಜರ್' ನೇರವಾಗಿ ಗ್ಯಾಂಗ್‌ಸ್ಟರ್ ಚಿತ್ರ. ನಿಜವಾದ ಜಾನ್ ಡಿಲಿಂಜರ್ 1934ರ ಜುಲೈನಲ್ಲಿ, ಕುಕ್ ಬೆಳೆದ ಅದೇ ಶಿಕಾಗೋದಲ್ಲಿ, ಒಂದು ಗ್ಯಾಂಗ್‌ಸ್ಟರ್ ಚಿತ್ರ ನೋಡಿ ಥಿಯೇಟರಿನಿಂದ ಹೊರಬರುತ್ತಿದ್ದಾಗ ಫೆಡರಲ್ ಏಜೆಂಟರ ಗುಂಡಿಗೆ ಬಲಿಯಾದ. ಅವನ ಬಗ್ಗೆ ಸಿನಿಮಾ ಮಾಡಕೂಡದು ಅಂತ ಹಾಲಿವುಡ್ಡಿನಲ್ಲೇ ಕಟ್ಟುಪಾಡಿತ್ತು. 1945ರಲ್ಲಿ ಮೊನೊಗ್ರಾಮ್ ಆ ಕಟ್ಟು ದಾಟಿತು. ದುಡ್ಡು ಎಷ್ಟು ಕಡಿಮೆ ಅಂದರೆ ಒಂದು ದರೋಡೆಯ ದೃಶ್ಯವನ್ನು 1937ರ ಬೇರೊಂದು ಚಿತ್ರದಿಂದ ತಂದು ಅಂಟಿಸಿದ್ದಾರೆ. ಆದರೂ ಚಿತ್ರ ಚೆನ್ನಾಗಿ ಓಡಿತು, ಚಿತ್ರಕಥೆಗೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. ಲಾರೆನ್ಸ್ ಟಿಯರ್ನಿ ಡಿಲಿಂಜರ್, ಕುಕ್ ಅವನ ಗ್ಯಾಂಗಿನ ಒಬ್ಬ. ಹನ್ನೆರಡು ವರ್ಷದ ನಂತರ, 1957ರ 'ಬೇಬಿ ಫೇಸ್ ನೆಲ್ಸನ್'ನಲ್ಲಿ ಇದೇ ಡಿಲಿಂಜರ್ ಗ್ಯಾಂಗಿನ ನಿಜವಾದ ಸದಸ್ಯ ಹೋಮರ್ ವ್ಯಾನ್ ಮೀಟರ್ ಪಾತ್ರವನ್ನೂ ಕುಕ್ ಮಾಡಿದ.

ಒಂದು ಲೋಟ ವಿಸ್ಕಿ

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಕಡೆಗೆ ಬರುತ್ತೇನೆ. 'ದ ಬಿಗ್ ಸ್ಲೀಪ್', ಹವರ್ಡ್ ಹಾಕ್ಸ್ ನಿರ್ದೇಶನ. ಕಥೆ ಎಷ್ಟು ಗೋಜಲು ಅಂದರೆ ಯಾರು ಯಾರನ್ನು ಯಾಕೆ ಕೊಂದರು ಅಂತ ಮೂರು ಸಲ ನೋಡಿದರೂ ನನಗೆ ಪೂರ್ತಿ ಬಿಡಿಸಲು ಆಗಿಲ್ಲ. ಆದರೆ ಹ್ಯಾರಿ ಜೋನ್ಸ್‌ನ ಸಾವು ಮಾತ್ರ ಒಂದೇ ಸಲಕ್ಕೆ ಎದೆಗೆ ಇಳಿಯುತ್ತದೆ.

ಹ್ಯಾರಿ ಜೋನ್ಸ್ ಸಣ್ಣ ಕುಳ. ಪತ್ತೇದಾರ ಮಾರ್ಲೋ, ಮತ್ತೆ ಬೋಗಾರ್ಟ್, ಗಲ್ಲಿಯಲ್ಲಿ ಒದೆ ತಿಂದು ಬಿದ್ದಾಗ ಇವನು ಬಂದು ಎಬ್ಬಿಸುತ್ತಾನೆ. ತನ್ನ ಹುಡುಗಿ ಆಗ್ನೆಸ್ ಹತ್ತಿರ ಒಂದು ಸುದ್ದಿ ಇದೆ, ಇನ್ನೂರು ಡಾಲರ್ ಕೊಟ್ಟರೆ ಹೇಳುತ್ತಾಳೆ ಅನ್ನುತ್ತಾನೆ. ಆ ಹುಡುಗಿ ನಿನಗೆ ಹೆಚ್ಚಾಯಿತು ಅನ್ನುವ ಹಾಗೆ ಮಾರ್ಲೋ ಒಂದು ಮಾತು ಚುಚ್ಚಿದಾಗ ಇವನ ಮುಖ ಬಾಡುತ್ತದೆ. ಕುಳ್ಳ ಅನ್ನುವ ಗೇಲಿ ಅವನಿಗೆ ಹೊಸದಲ್ಲ, ಆದರೂ ನೋವಾಗುತ್ತದೆ.

ರಾತ್ರಿ ಮಾರ್ಲೋ ದುಡ್ಡು ತಂದಾಗ ಒಳಗೆ ಬೇರೆ ಯಾರೋ ಇದ್ದಾರೆ. ಕ್ಯಾನಿನೊ ಎಂಬ ಬಾಡಿಗೆ ಕೊಲೆಗಾರ. ಮಾರ್ಲೋ ಪಕ್ಕದ ಕೋಣೆಯ ಕತ್ತಲಲ್ಲಿ ನಿಂತು ಕೇಳುತ್ತಾನೆ. ಆಗ್ನೆಸ್ ಎಲ್ಲಿದ್ದಾಳೆ, ಕ್ಯಾನಿನೊಗೆ ಅದು ಬೇಕು. ಪಿಸ್ತೂಲು ತೋರಿಸಿ ಕೇಳುತ್ತಾನೆ. ಜೋನ್ಸ್ ಒಂದು ವಿಳಾಸ ಹೇಳುತ್ತಾನೆ. ಸರಿ, ಕೋಪ ಬೇಡ, ಒಂದು ಪೆಗ್ ಹಾಕೋಣ ಅಂತ ಕ್ಯಾನಿನೊ ಲೋಟಕ್ಕೆ ಸುರಿಯುತ್ತಾನೆ. ಜೋನ್ಸ್‌ಗೆ ಅನುಮಾನ ಬಂದಿದೆಯಾ? ಬಂದಿದೆ ಅಂತಲೇ ಕುಕ್‌ನ ಕಣ್ಣು ಹೇಳುತ್ತದೆ. ಕುಡಿಯದೆ ಬೇರೆ ದಾರಿ ಇಲ್ಲ ಅನ್ನುವುದನ್ನೂ ಅದೇ ಕಣ್ಣು ಹೇಳುತ್ತದೆ. ಕುಡಿಯುತ್ತಾನೆ. ಒಂದು ವಿಚಿತ್ರ ನಗು ಬರುತ್ತದೆ. ಸಾಯುತ್ತಾನೆ.

ಆಮೇಲೆ ಫೋನಿನಲ್ಲಿ ಆಗ್ನೆಸ್ ಸಿಕ್ಕಾಗ ಮಾರ್ಲೋಗೆ ಗೊತ್ತಾಗುತ್ತದೆ, ಅವಳು ಆ ವಿಳಾಸದಲ್ಲಿ ಇಲ್ಲವೇ ಇಲ್ಲ. ಜೋನ್ಸ್ ಸುಳ್ಳು ವಿಳಾಸ ಕೊಟ್ಟಿದ್ದ. ಎಲ್ಲರೂ ಎಲ್ಲರನ್ನೂ ಮಾರಿಕೊಳ್ಳುವ ಆ ಚಿತ್ರದಲ್ಲಿ ಯಾರನ್ನೂ ಮಾರಿಕೊಳ್ಳದೆ ಸತ್ತವನು ಈ ಕುಳ್ಳ ಒಬ್ಬನೇ. ಆಗ್ನೆಸ್ ಅದಕ್ಕೆ ತಕ್ಕವಳೂ ಅಲ್ಲ, ಅವಳಿಗೆ ದುಡ್ಡಿನದೇ ಚಿಂತೆ. ಅದಕ್ಕೇ ಇನ್ನೂ ಹೊಟ್ಟೆ ಕಿವುಚುತ್ತದೆ.

ಇಲ್ಲಿ ಸ್ವಲ್ಪ ನಿಂತು ಕಸುಬಿನ ಲೆಕ್ಕ ಹೇಳುತ್ತೇನೆ. ಚಿತ್ರದ ಕೊನೆಯಲ್ಲಿ ಮಾರ್ಲೋ ಕ್ಯಾನಿನೊನನ್ನು ಎದುರಿಸಬೇಕು. ಆ ಹೊತ್ತಿಗೆ ಕ್ಯಾನಿನೊ ಎಷ್ಟು ಅಪಾಯದವನು ಅಂತ ನಮಗೆ ಗೊತ್ತಿರಬೇಕು. ಗೊತ್ತು ಮಾಡಿಸುವವನು ಯಾರು? ಸತ್ತವನು. ಖಳನ ಅಳತೆಗೋಲು ಖಳನ ಮೀಸೆಯಲ್ಲಿ ಇರುವುದಿಲ್ಲ, ಅವನ ಎದುರು ನಿಂತವನ ಮುಖದಲ್ಲಿರುತ್ತದೆ. ಕುಕ್ ಹೆದರಿದರೆ ಪ್ರೇಕ್ಷಕ ಹೆದರುತ್ತಿದ್ದ. ಐದು ನಿಮಿಷ ಇವನನ್ನು ಹಾಕಿಕೊಂಡರೆ ಉಳಿದ ಚಿತ್ರಕ್ಕೆಲ್ಲ ಭಯ ಉಚಿತವಾಗಿ ಸಿಗುತ್ತಿತ್ತು. ನಿರ್ದೇಶಕರು ಇವನನ್ನು ಮತ್ತೆ ಮತ್ತೆ ಕರೆದಿದ್ದು ಇದಕ್ಕೇ ಅಂತ ನನ್ನ ನಂಬಿಕೆ.

ಇದನ್ನು ಒಪ್ಪದವರು 1953ರ 'ಶೇನ್' ನೋಡಬೇಕು. ಅದು ಕೌಬಾಯ್ ಚಿತ್ರ, ಆದರೆ ತಂತ್ರ ಇದೇ. ಕುಕ್ ಒಬ್ಬ ಮುಂಗೋಪಿ ರೈತ, ಟೋರಿ. ಜ್ಯಾಕ್ ಪ್ಯಾಲೆನ್ಸ್ ಬಾಡಿಗೆ ಕೊಲೆಗಾರ. ಪ್ಯಾಲೆನ್ಸ್ ಹಲಗೆಯ ಜಗಲಿ ಮೇಲೆ ಒಣಗಿದ ಜಾಗದಲ್ಲಿ, ಕುಕ್ ಕೆಳಗೆ ಕೆಸರಿನಲ್ಲಿ. ಟೋರಿ ಪಿಸ್ತೂಲಿಗೆ ಕೈ ಹಾಕುವಷ್ಟರಲ್ಲಿ ಪ್ಯಾಲೆನ್ಸ್‌ನದು ಹೊರಗೆ ಬಂದಾಗಿದೆ. ಆದರೆ ತಕ್ಷಣ ಹೊಡೆಯುವುದಿಲ್ಲ. ಒಂದು ಕ್ಷಣ ಕಾಯುತ್ತಾನೆ. ಆ ಕ್ಷಣದಲ್ಲಿ ಟೋರಿಗೆ ತಾನು ಸತ್ತೆ ಅಂತ ಗೊತ್ತಾಗುತ್ತದೆ. ಗುಂಡು ಬಿದ್ದ ಹೊಡೆತಕ್ಕೆ ಹಿಂದಕ್ಕೆ ಎಸೆದ ಹಾಗೆ ಕೆಸರಿಗೆ ಬೀಳುತ್ತಾನೆ. ಅದಕ್ಕಾಗಿ ನಿರ್ದೇಶಕ ಜಾರ್ಜ್ ಸ್ಟೀವನ್ಸ್ ಕುಕ್‌ನ ಮೈಗೆ ತಂತಿ ಕಟ್ಟಿಸಿ ಹಿಂದಿನಿಂದ ಎಳೆಸಿದ್ದ. ಅಲ್ಲಿಯವರೆಗೆ ಸಿನಿಮಾದಲ್ಲಿ ಗುಂಡು ತಿಂದವರು ಎದೆ ಹಿಡಿದು ಮೆಲ್ಲಗೆ ಕುಸಿಯುತ್ತಿದ್ದರು. ಮುಂದೆ ರಕ್ತಪಾತದ ಚಿತ್ರಗಳಿಗೆ ಹೆಸರಾದ ಸ್ಯಾಮ್ ಪೆಕಿನ್‌ಪಾ, ಎಲ್ಲ ಬದಲಾಗಲು ಶುರುವಾಗಿದ್ದೇ ಈ ಸಾವಿನಿಂದ ಅನ್ನುವ ಅರ್ಥದ ಮಾತು ಹೇಳಿದ್ದಾನೆ.

ಜಾರ್ಜ್ ಪೀಟಿ ಮನೆಗೆ ಬಂದ

1956ರಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ಎಂಬ ಇಪ್ಪತ್ತೇಳರ ಹುಡುಗನ 'ದ ಕಿಲ್ಲಿಂಗ್' ಬಂತು. ಕುದುರೆ ರೇಸಿನ ಮೈದಾನದಲ್ಲಿ ಇಪ್ಪತ್ತು ಲಕ್ಷ ಡಾಲರ್ ದೋಚುವ ಯೋಜನೆ. ರೇಸು ನಡೆಯುವಾಗಲೇ ಕುದುರೆಗೆ ಗುಂಡು ಹೊಡೆದು ಗಲಾಟೆ ಎಬ್ಬಿಸುವುದು, ಆ ಗಲಾಟೆಯಲ್ಲಿ ದುಡ್ಡು ಎತ್ತುವುದು. ಸ್ಟರ್ಲಿಂಗ್ ಹೇಡನ್ ಮುಖಂಡ. ಕುಕ್ ಆಗ ಐವತ್ತು ದಾಟಿದವನು, ಮೈದಾನದ ಟಿಕೆಟ್ ಕಿಂಡಿಯ ಹಿಂದೆ ಕೂರುವ ಕ್ಯಾಷಿಯರ್ ಜಾರ್ಜ್ ಪೀಟಿ.

ಈ ಜಾರ್ಜ್‌ಗೆ ದುಡ್ಡಿನ ಆಸೆ ಇಲ್ಲ. ಹೆಂಡತಿಯ ಆಸೆ. ಶೆರಿ ಪಾತ್ರದ ಮೇರಿ ವಿಂಡ್ಸರ್ ಇವನಿಗಿಂತ ಎತ್ತರ, ಸೋಫಾ ಮೇಲೆ ಒರಗಿಕೊಂಡು ಪ್ರತಿ ಮಾತಿಗೂ ಇವನನ್ನು ಹೀಯಾಳಿಸುತ್ತಾಳೆ. ಒಂದು ದಿನ ನಿನಗೆ ಎಲ್ಲ ತಂದುಕೊಡುತ್ತೇನೆ ಅಂತ ಮದುವೆಗೆ ಮುಂಚೆ ಮಾತು ಕೊಟ್ಟಿದ್ದ. ಆ ಮಾತು ಉಳಿಸಿಕೊಳ್ಳಲಾಗದ ಗಂಡಸಿನ ನಡಿಗೆ, ಸೋಫಾದ ತುದಿಯಲ್ಲಿ ಕೂರುವ ರೀತಿ, ತಲೆನೋವು ಹೊಟ್ಟೆನೋವಿನ ಗೊಣಗು, ಇವನ್ನೆಲ್ಲ ಕುಕ್ ಮಾಡುವುದನ್ನು ನೋಡಿದರೆ ಎಲ್ಲೋ ನೋಡಿದ ಪಕ್ಕದ ಮನೆಯವನ ನೆನಪಾಗುತ್ತದೆ. ಅವಳ ಮುಂದೆ ದೊಡ್ಡವನಾಗಬೇಕು ಅಂತ ದರೋಡೆಯ ಗುಟ್ಟನ್ನು ಬಾಯಿಬಿಡುತ್ತಾನೆ. ಅವಳು ಅದನ್ನು ತನ್ನ ಪ್ರಿಯಕರನಿಗೆ ಮುಟ್ಟಿಸುತ್ತಾಳೆ. ಅಲ್ಲಿಗೆ ಮುಗಿಯಿತು. ಅಷ್ಟು ಲೆಕ್ಕ ಹಾಕಿ ಹೆಣೆದ ಯೋಜನೆ ಮುರಿಯುವುದು ಪೊಲೀಸರಿಂದಲ್ಲ, ಒಬ್ಬ ಗಂಡನ ಆತುರದಿಂದ.

ದರೋಡೆ ಗೆದ್ದ ಮೇಲೆ ಎಲ್ಲರೂ ಒಂದು ಕೋಣೆಯಲ್ಲಿ ಕಾಯುತ್ತಿರುವಾಗ ಆ ಪ್ರಿಯಕರ ಬಂದೂಕು ಹಿಡಿದು ನುಗ್ಗುತ್ತಾನೆ. ಒಳಗಿನ ಕೋಣೆಯಿಂದ ಜಾರ್ಜ್ ಹೊರಗೆ ಬಂದು ಗುಂಡು ಹಾರಿಸುತ್ತಾನೆ. ಕೆಲವೇ ಸೆಕೆಂಡು. ಆಮೇಲೆ ಕ್ಯಾಮೆರಾ ನಿಧಾನವಾಗಿ ನೆಲದ ಹೆಣಗಳ ಮೇಲೆ ಹೋಗುತ್ತದೆ. ಜಾರ್ಜ್ ಒಬ್ಬನೇ ನಿಂತಿದ್ದಾನೆ, ಮುಖದ ತುಂಬ ರಕ್ತದ ಚುಕ್ಕೆ. ಹದಿನೈದು ವರ್ಷದ ಹಿಂದೆ ಸೋಫಾ ಮೇಲೆ ಕಣ್ಣು ಬಿಟ್ಟ ವಿಲ್ಮರ್ ನೆನಪಾದ ನನಗೆ. ಅವನು ಮುಖಗಳನ್ನು ನೋಡಿ ಸುಮ್ಮನಾದ. ಇವನು ಮನೆಗೆ ಹೊರಟ. ತೂರಾಡುತ್ತಾ ಮನೆ ಸೇರಿ ಹೆಂಡತಿಯನ್ನು ಗುಂಡಿಟ್ಟು ಕೊಂದು, ಗಿಳಿಯ ಪಂಜರದ ಜೊತೆ ತಾನೂ ನೆಲಕ್ಕೆ ಬೀಳುತ್ತಾನೆ. ಈ ಕೊಲೆಯನ್ನು ನಾನು ಸಮರ್ಥಿಸುತ್ತಿಲ್ಲ, ಚಿತ್ರವೂ ಸಮರ್ಥಿಸುವುದಿಲ್ಲ. ಅಷ್ಟು ವರ್ಷ ನುಂಗಿಕೊಂಡ ಅವಮಾನ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಕುಕ್ ತೋರಿಸುತ್ತಾನೆ, ಅಷ್ಟೇ. ಅವನ ಅತ್ಯುತ್ತಮ ಕೆಲಸ ಇದೇ ಅನ್ನುವವರು ಬಹಳ. ನನ್ನ ಓಟು ಇನ್ನೂ ಹ್ಯಾರಿ ಜೋನ್ಸ್‌ಗೇ.

ಬೆಟ್ಟದ ಮೇಲಿನ ಮನೆ

ಇಷ್ಟು ಒಳ್ಳೆಯ ನಟನಿಗೆ ಈ ಗೆರೆ ನಷ್ಟವನ್ನೂ ಮಾಡಿತು. ಕಣ್ಣು ಅಗಲಿಸು, ಹೆದರು, ಸಾಯಿ ಅಂತ ಕರೆದವರೂ ಇದ್ದರು. 1959ರ 'ಹೌಸ್ ಆನ್ ಹಾಂಟೆಡ್ ಹಿಲ್'ನಲ್ಲಿ ದೆವ್ವದ ಮನೆಯ ಮಾಲೀಕನಾಗಿ ಅವನು ಮಾಡುವುದು ಅದನ್ನೇ, ನನಗೆ ಅದು ಅತಿ ಅನ್ನಿಸುತ್ತದೆ. ಆದರೆ ಅಂಥವುಗಳ ನಡುವೆಯೇ ಬೇರೆ ದಾರಿಗಳೂ ತೆರೆದವು. 1967ರಲ್ಲಿ 'ಸ್ಟಾರ್ ಟ್ರೆಕ್' ಟಿವಿ ಸರಣಿಯ ಒಂದು ಕಂತಿನಲ್ಲಿ ಕಂಪ್ಯೂಟರ್ ಬಿಟ್ಟು ಪುಸ್ತಕಗಳನ್ನೇ ನಂಬುವ ಮುದಿ ವಕೀಲನಾದ. 1968ರ 'ರೋಸ್‌ಮೆರೀಸ್ ಬೇಬಿ'ಯಲ್ಲಿ ಅಪಾರ್ಟ್‌ಮೆಂಟ್ ತೋರಿಸುವವನು ಇವನೇ. 1970ರ ದಶಕದ ಹೊಸ ನಿರ್ದೇಶಕರು ಹಳೆಯ ಅಪರಾಧ ಚಿತ್ರಗಳನ್ನು ನೋಡಿ ಬೆಳೆದವರು, ಆ ಮುಖಗಳನ್ನು ಹುಡುಕಿ ಕರೆದರು. 1973ರ 'ದ ಔಟ್‌ಫಿಟ್'ನಲ್ಲಿ ಕುಕ್ ಮತ್ತು ಮೇರಿ ವಿಂಡ್ಸರ್ ಇಬ್ಬರೂ ಇದ್ದಾರೆ. 1975ರ 'ದ ಬ್ಲ್ಯಾಕ್ ಬರ್ಡ್' ಎಂಬ ಹಾಸ್ಯ ಚಿತ್ರದಲ್ಲಿ, ಮೂವತ್ತನಾಲ್ಕು ವರ್ಷದ ಮೇಲೆ, ಮತ್ತೆ ವಿಲ್ಮರ್ ಆಗಿಯೇ ಬಂದ.

ಅವನು ಇಷ್ಟು ವರ್ಷ ಉಳಿದಿದ್ದಕ್ಕೆ ಇನ್ನೊಂದು ಕಾರಣ ಅವನ ಬದುಕಿನ ರೀತಿ. ಸಿನಿಮಾ ಇಲ್ಲದಾಗ ಅವನು ಹಾಲಿವುಡ್ಡಿನಲ್ಲಿ ಇರುತ್ತಲೇ ಇರಲಿಲ್ಲ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಬೆಟ್ಟಗಳಲ್ಲಿ, ಬಿಷಪ್ ಎಂಬ ಊರಿನ ಕಡೆ ಇರುತ್ತಿದ್ದ. ಗಾಳದ ನಕಲಿ ಹುಳಗಳನ್ನು ಕೈಯಾರೆ ಕಟ್ಟಿಕೊಂಡು ಟ್ರೌಟ್ ಮೀನು ಹಿಡಿಯುವುದು ಅವನಿಗೆ ಇಷ್ಟ. ಅವನಿಗೆ ಪಾತ್ರ ಇದ್ದರೆ ಬೆಟ್ಟದ ಮನೆಗೆ ಆಳು ಕಳಿಸಿ ಸುದ್ದಿ ಮುಟ್ಟಿಸಬೇಕಿತ್ತು, ಇಳಿದು ಬಂದು ಕೆಲಸ ಮುಗಿಸಿ ಮತ್ತೆ ಹತ್ತಿ ಹೋಗುತ್ತಿದ್ದ ಅಂತ ಹ್ಯೂಸ್ಟನ್ ನೆನಪಿಸಿಕೊಂಡಿದ್ದಾನೆ. ಯೋಚಿಸಿ ನೋಡಿ, ತೆರೆಯ ಮೇಲೆ ಎಲ್ಲರ ಮೆಚ್ಚುಗೆಗೆ ಹಪಹಪಿಸುವ ಮನುಷ್ಯನನ್ನು ಅಷ್ಟು ನಿಜವಾಗಿ ಮಾಡಿದವನು, ಊರಿನ ಮೆಚ್ಚುಗೆ ಕಾಯುತ್ತಾ ಕೂರಲಿಲ್ಲ. ಪಾರ್ಟಿಗಳಲ್ಲಿ ಮುಖ ತೋರಿಸಲಿಲ್ಲ. ಅವನ ಮುಖ ಸವೆಯದೆ ಉಳಿದಿದ್ದಕ್ಕೆ ಇದೂ ಒಂದು ಕಾರಣ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

1981ರಲ್ಲಿ ಅವನಿಗೆ ಎಪ್ಪತ್ತೇಳು. 'ಮ್ಯಾಗ್ನಮ್ ಪಿ.ಐ.' ಟಿವಿ ಸರಣಿಯಲ್ಲಿ ಒಂದು ಪಾತ್ರ ಬಂತು. ಹವಾಯಿಯ ಹೊನೊಲುಲುವಿನಲ್ಲಿ ನೆಲೆಸಿದ ಹಳೆಯ ಭೂಗತ ದೊರೆ, ಹೆಸರು ಐಸ್‌ಪಿಕ್. ನಾಯಕನ ಗೆಳೆಯ ರಿಕ್‌ಗೆ ಅಪ್ಪನಂಥವನು. ಕಷ್ಟ ಬಂದಾಗಲೆಲ್ಲ ಹುಡುಗರು ಹೋಗಿ ಇವನ ಮುಂದೆ ನಿಲ್ಲುತ್ತಾರೆ. ಇವನು ಕೂತೇ ಮಾತಾಡುತ್ತಾನೆ, ಮೆಲ್ಲಗೆ, ಎರಡೇ ಎರಡು ವಾಕ್ಯ. ಅವರು ಕೇಳಿಸಿಕೊಳ್ಳುತ್ತಾರೆ. 1988ರವರೆಗೆ ಆಗಾಗ ಆ ಪಾತ್ರ ಬರುತ್ತಲೇ ಇತ್ತು. ಅದೇ ಅವನ ಕೊನೆಯ ಕೆಲಸ.

ಗ್ರೀನ್‌ಸ್ಟ್ರೀಟ್ 1954ರಲ್ಲೇ ಹೋಗಿದ್ದ, ಬೋಗಾರ್ಟ್ 1957ರಲ್ಲಿ, ಲೋರೆ 1964ರಲ್ಲಿ. ಹ್ಯೂಸ್ಟನ್ ಮತ್ತು ಮೇರಿ ಆಸ್ಟರ್ 1987ರಲ್ಲಿ. ಕುಕ್ 1995ರ ಮೇ 18ರಂದು, ಬಿಷಪ್‌ಗೆ ಹತ್ತಿರದ ಬಿಗ್ ಪೈನ್‌ನಲ್ಲಿ ಪಾರ್ಶ್ವವಾಯುವಿನಿಂದ ತೀರಿಕೊಂಡ. ತೊಂಬತ್ತೊಂದು ವರ್ಷ. 'ಮಾಲ್ಟೀಸ್ ಫಾಲ್ಕನ್'ನ ಮುಖ್ಯ ನಟರಲ್ಲಿ ಕೊನೆಗೆ ಉಳಿದಿದ್ದವನು ಆ ಹುಡುಗನೇ.

ಇವನ ಚಿತ್ರಗಳನ್ನು ಮೊದಲ ಸಲ ನೋಡುವವರು 'ದ ಕಿಲ್ಲಿಂಗ್'ನಿಂದ ಶುರು ಮಾಡಿ, ಒಂದೂವರೆ ಗಂಟೆಯೂ ಇಲ್ಲ. ಅದಾದ ಮೇಲೆ 'ದ ಬಿಗ್ ಸ್ಲೀಪ್'. ಕಥೆ ಅರ್ಥವಾಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಕ್ಯಾನಿನೊ ಲೋಟ ಮುಂದೆ ಚಾಚಿದಾಗ ಅವನ ಕೈ ನೋಡಬೇಡಿ, ಈ ಕಡೆ ನಿಂತವನ ಕಣ್ಣು ನೋಡಿ.